ಮೂರು ದಿನದ ಕೆಲಸ, ನಾಲ್ಕು ಗಂಟೆ: ಫೋರ್ಕ್‌ಲಿಫ್ಟ್ ಹೇಳುವ ಚರಿತ್ರೆ

1931ರಲ್ಲಿ ಅಮೆರಿಕದ ರೈಲ್ವೆ ಉದ್ಯಮದ ಪತ್ರಿಕೆಯೊಂದು ಒಂದು ಲೆಕ್ಕ ಪ್ರಕಟಿಸಿತು. ಡಬ್ಬಿ ಆಹಾರದ 13,000 ಪೆಟ್ಟಿಗೆಗಳನ್ನು ಬಿಡಿಬಿಡಿಯಾಗಿ ತುಂಬಿದ ಗೂಡ್ಸ್ ಬೋಗಿಯೊಂದನ್ನು ಖಾಲಿ ಮಾಡಲು ಮೂರು ದಿನ ಬೇಕಾಗುತ್ತಿತ್ತು. ಅಷ್ಟೇ ಸರಕನ್ನು ಮರದ ಹಲಗೆಗಳ ಮೇಲೆ ಜೋಡಿಸಿ ತುಂಬಿದರೆ ನಾಲ್ಕೇ ಗಂಟೆ ಸಾಕು. ಉಗ್ರಾಣಗಳ ಬಗ್ಗೆ ಬರೆಯುವವರಿಗೆ ಈ ಲೆಕ್ಕ ಬಲು ಪ್ರಿಯ. ಕಾರ್ಮಿಕ ಚರಿತ್ರೆಯಲ್ಲಿ ಸಂಶೋಧನೆ ಮಾಡುತ್ತಿರುವ ನನ್ನ ಕಣ್ಣು ಮಾತ್ರ ಲೆಕ್ಕದಲ್ಲಿ ಇಲ್ಲದ್ದರ ಕಡೆಗೇ ಹೋಗುತ್ತದೆ. ಉಳಿದ ಎರಡೂವರೆ ದಿನದ ಕೂಲಿ ಏನಾಯಿತು? ನಾಲ್ಕು ಗಂಟೆಯ ಆ ಅವಸರದಲ್ಲಿ ಯಾರ ಕಾಲು ಯಾವ ಗಾಲಿಯಡಿ ಸಿಕ್ಕಿತು? ಮೊದಲನೆಯದು ದಕ್ಷತೆಯ ಪ್ರಶ್ನೆ, ಎರಡನೆಯದು ಸುರಕ್ಷತೆಯದು ಎಂದು ನಾವು ಬೇರೆ ಬೇರೆ ಕಪಾಟಿನಲ್ಲಿ ಇಟ್ಟುಬಿಟ್ಟಿದ್ದೇವೆ. ಫೋರ್ಕ್‌ಲಿಫ್ಟಿನ ನೂರು ವರ್ಷಗಳ ಕತೆ ಓದಿದರೆ ಅವೆರಡೂ ಒಂದೇ ಪ್ರಶ್ನೆ ಎಂಬುದು ಗೊತ್ತಾಗುತ್ತದೆ.

ಯಂತ್ರದ ಹುಟ್ಟನ್ನು ಬೇಗ ಹೇಳಿ ಮುಗಿಸಬಹುದು. 1906ರಲ್ಲಿ ಪೆನ್ಸಿಲ್ವೇನಿಯಾ ರೈಲ್‌ರೋಡ್ ಕಂಪನಿ ಆಲ್ಟೂನಾ ನಿಲ್ದಾಣದಲ್ಲಿ ಪ್ರಯಾಣಿಕರ ಸಾಮಾನು ಸಾಗಿಸಲು ಬ್ಯಾಟರಿ ಗಾಡಿಗಳನ್ನು ತಂದಿತು. 1917ರಲ್ಲಿ ಮಿಷಿಗನ್ನಿನ ಬುಕ್ಯಾನನ್ ಊರಿನ ಕ್ಲಾರ್ಕ್ ಕಂಪನಿ ತನ್ನ ಕಾರ್ಖಾನೆಯೊಳಗಿನ ಓಡಾಟಕ್ಕೆಂದು ‘ಟ್ರಕ್‌ಟ್ರಾಕ್ಟರ್’ ಎಂಬ ಗಾಡಿ ಕಟ್ಟಿಕೊಂಡಿತು; ನೋಡಲು ಬಂದವರು ನಮಗೂ ಒಂದು ಬೇಕು ಎಂದರು. 1923ರಲ್ಲಿ ಯೇಲ್ ಕಂಪನಿಯ ಗಾಡಿಗೆ ಸರಕನ್ನು ಮೇಲೆತ್ತುವ ಉಕ್ಕಿನ ಕವಲುಗಳೂ ಎತ್ತರದ ಕಂಬವೂ ಬಂದವು. ಆದರೆ ಕವಲು ಬಂದರೇನು, ಅದನ್ನು ತೂರಿಸಲು ಸರಕಿನ ಕೆಳಗೆ ಜಾಗ ಬೇಕಲ್ಲ! ನೆಲಕ್ಕೆ ಅಂಟಿ ಕೂತ ಮೂಟೆಯನ್ನು ಆ ಯಂತ್ರ ಏನೂ ಮಾಡಲಾರದು. ಆ ಜಾಗವನ್ನು ಕೊಟ್ಟದ್ದು ಪ್ಯಾಲೆಟ್ ಎಂಬ ಮರದ ಹಲಗೆ. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ನೌಕಾಪಡೆ ಈ ಜೋಡಿಯನ್ನು ಲೋಕದ ಮೂಲೆಮೂಲೆಗೆ ಹೊತ್ತೊಯ್ದಿತು. ಯುದ್ಧ ಮುಗಿದ ಮೇಲೆ ಆಸ್ಟ್ರೇಲಿಯಾದಲ್ಲಿ ಬಿಟ್ಟುಹೋದ ಪ್ಯಾಲೆಟ್, ಫೋರ್ಕ್‌ಲಿಫ್ಟ್‌ಗಳನ್ನು ನೋಡಿಕೊಳ್ಳಲು ಅಲ್ಲಿನ ಸರ್ಕಾರ ‘ಕಾಮನ್‌ವೆಲ್ತ್ ಹ್ಯಾಂಡ್ಲಿಂಗ್ ಇಕ್ವಿಪ್‌ಮೆಂಟ್ ಪೂಲ್’ ಎಂಬ ವ್ಯವಸ್ಥೆ ಮಾಡಿತು. ಇಂದು ನೀಲಿ ಪ್ಯಾಲೆಟ್‌ಗಳ ಮೇಲೆ ಕಾಣುವ ‘ಚೆಪ್’ ಎಂಬುದು ಆ ಹೆಸರಿನ ಮೊದಲಕ್ಷರಗಳೇ.

ಈ ಯಂತ್ರ ಯಾಕೆ ಅಪಾಯಕಾರಿ ಎಂದು ತಿಳಿಯಲು ನಮ್ಮ ಹಳೆಯ ಏತವನ್ನು ನೆನೆಸಿಕೊಂಡರೆ ಸಾಕು. ನಡುವೆ ಆಧಾರ, ಒಂದು ತುದಿಗೆ ನೀರಿನ ಬಾನಿ, ಇನ್ನೊಂದು ತುದಿಗೆ ಕಲ್ಲಿನ ಭಾರ. ಫೋರ್ಕ್‌ಲಿಫ್ಟಿನಲ್ಲಿ ಮುಂದಿನ ಗಾಲಿಗಳೇ ಆಧಾರ; ಮುಂದೆ ಸರಕು, ಹಿಂದೆ ಅದನ್ನು ಸರಿತೂಗಿಸುವ ಕಬ್ಬಿಣದ ದಪ್ಪ ಗಟ್ಟಿ. ಸರಕು ಕವಲಿನ ಬುಡದಿಂದ ತುಸು ಮುಂದಕ್ಕೆ ಸರಿದರೂ ತೂಕದ ಲೆಕ್ಕ ಕೆಡುತ್ತದೆ. ಸಾಲದ್ದಕ್ಕೆ, ಹಿಂದಿನ ಅಚ್ಚು ಸಾಮಾನ್ಯವಾಗಿ ನಡುವಿನ ಒಂದು ಕೀಲಿನ ಮೇಲೆ ಆಡುವುದರಿಂದ ನಾಲ್ಕು ಗಾಲಿಯ ಗಾಡಿ ನಿಜದಲ್ಲಿ ಮೂರೇ ಬಿಂದುಗಳ ಮೇಲೆ ನಿಂತಿರುತ್ತದೆ. ತಿರುಗುವುದೂ ಹಿಂದಿನ ಗಾಲಿಗಳಿಂದಲೇ. ಹಾಗಾಗಿ ಚಾಲಕ ಎಡಕ್ಕೆ ತಿರುಗಿಸಿದರೆ ಗಾಡಿಯ ಬಾಲ ಬಲಕ್ಕೆ ಬೀಸಿ, ಪಕ್ಕದಲ್ಲಿ ನಡೆಯುತ್ತಿದ್ದವನನ್ನು ಗೋಡೆಗೆ ಒತ್ತಬಲ್ಲದು. ಸರಕನ್ನು ಮೇಲೆತ್ತಿಕೊಂಡೇ ಬೇಗ ತಿರುಗಿದರೆ ಇಡೀ ಗಾಡಿ ಮಗುಚುತ್ತದೆ.

ಮಗುಚುವಾಗ ಯಾರಿಗಾದರೂ ಮೊದಲು ಹೊಳೆಯುವುದು ಹಾರಿಬಿಡುವುದು. ಹಾರಿದವನ ಮೇಲೆಯೇ ಗಾಡಿಯ ಚಾವಣಿ ಚೌಕಟ್ಟು ಬಂದು ಬೀಳುತ್ತದೆ. ಮೇಲಿನಿಂದ ಬೀಳುವ ಸರಕಿನಿಂದ ಕಾಪಾಡಲೆಂದು ಇಟ್ಟ ಚೌಕಟ್ಟೇ ಅವನನ್ನು ಕೊಲ್ಲುತ್ತದೆ. ಅದಕ್ಕೇ ಆಸನ ಬಿಡಬೇಡ, ಚಕ್ರ ಹಿಡಿ, ಕಾಲೂರು, ಬೀಳುವ ದಿಕ್ಕಿಗೆ ಎದುರಾಗಿ ವಾಲು ಎಂದು ತರಬೇತಿಯಲ್ಲಿ ಹೇಳಿಕೊಡುತ್ತಾರೆ. ಜೀವದ ಸಹಜ ಪ್ರತಿಕ್ರಿಯೆಯನ್ನೇ ತಡೆಹಿಡಿ ಎನ್ನುವ ಪಾಠ ಇದು. ಬರಿ ಪಾಠದಿಂದ ಆಗುವ ಕೆಲಸವಲ್ಲ. ಚಾಲಕನನ್ನು ಆಸನದಲ್ಲೇ ಹಿಡಿದಿಡುವ ವ್ಯವಸ್ಥೆಯನ್ನು ಕ್ಲಾರ್ಕ್ ಕಂಪನಿ ತಂದದ್ದು 1983ರಲ್ಲಿ, ಮೊದಲ ಗಾಡಿ ಕಟ್ಟಿ 66 ವರ್ಷಗಳಾದ ಮೇಲೆ.

ನಿಯಮಗಳ ಕತೆಯೂ ಇಷ್ಟೇ ನಿಧಾನದ್ದು. ಅಮೆರಿಕದಲ್ಲಿ ಕೆಲಸದ ಸ್ಥಳದ ಸುರಕ್ಷತಾ ಕಾಯ್ದೆ ಬಂದದ್ದು 1970ರಲ್ಲಿ. ಚಾಲಕರಿಗೆ ಪಾಠ, ಅಭ್ಯಾಸ, ಮೂರು ವರ್ಷಕ್ಕೊಮ್ಮೆಯಾದರೂ ಮರುಪರೀಕ್ಷೆ ಎಂಬ ವಿವರವಾದ ನಿಯಮ ಬಂದದ್ದು 1998ರ ಡಿಸೆಂಬರಿನಲ್ಲಿ. ಎರಡು ವರ್ಷದ ನಂತರ ಜರ್ಮನಿಯಲ್ಲಿ ‘ಸ್ಟಾಪ್ಲರ್‌ಫಾರರ್ ಕ್ಲಾಸ್’ ಎಂಬ ಕಿರುಚಿತ್ರ ಬಂತು. ಸುರಕ್ಷತಾ ತರಬೇತಿ ಚಿತ್ರಗಳ ಅಣಕ ಅದು. ಪರವಾನಗಿ ಸಿಕ್ಕ ಮೊದಲ ದಿನವೇ ಕ್ಲಾಸ್ ಎಂಬ ಬಡಪಾಯಿ ಚಾಲಕ ಒಂದರ ಮೇಲೊಂದು ಭೀಕರ ಅನಾಹುತ ಮಾಡುತ್ತಾನೆ. ಹಿನ್ನೆಲೆಯ ಧ್ವನಿ ಮಾತ್ರ ಶಾಂತವಾಗಿ ನಿಯಮ ವಿವರಿಸುತ್ತಲೇ ಇರುತ್ತದೆ. ನೋಡಿ ನಕ್ಕಿದ್ದೇನೆ, ಆದರೆ ಆ ಧ್ವನಿ ನಮಗೆಲ್ಲ ಪರಿಚಿತವಾದದ್ದು. ಅದಕ್ಕೆ ಕಾಣುವುದು ಚಾಲಕನೊಬ್ಬನೇ. ಕಾಲುದಾರಿಯೂ ಗಾಡಿದಾರಿಯೂ ಒಂದೇ ಆಗಿರುವುದು, ಬೇಗ ಖಾಲಿಯಾಗುವ ಸರಕನ್ನು ಬಾಗಿಲಿಂದ ದೂರದ ಮೂಲೆಯಲ್ಲಿ ಪೇರಿಸಿರುವುದು ಅದಕ್ಕೆ ಕಾಣಿಸುವುದಿಲ್ಲ. ಉಗ್ರಾಣದಲ್ಲಿ ಗಾಡಿ ಖಾಲಿ ಓಡಿದ ಪ್ರತಿ ಸುತ್ತೂ ಮಾಲೀಕನಿಗೆ ನಷ್ಟ, ನಡೆಯುವವನಿಗೆ ಅಪಾಯ. ಸರಕು ಇಟ್ಟು ಬರುವ ಗಾಡಿ ಮರಳುವಾಗ ಇನ್ನೊಂದನ್ನು ತರುವಂತೆ ಯೋಜಿಸಿದರೆ ಎರಡೂ ಒಟ್ಟಿಗೆ ಇಳಿಯುತ್ತವೆ. ಆದರೆ ನೆಲದ ನಕ್ಷೆ ಬದಲಿಸುವ ಅಧಿಕಾರ ಚಾಲಕನಿಗಿಲ್ಲ.

ಆ ಅಧಿಕಾರಕ್ಕಾಗಿ ಚೌಕಾಶಿ ಮಾಡಿದವರು ಅಮೆರಿಕದ ಪಶ್ಚಿಮ ಕರಾವಳಿಯ ಬಂದರು ಕಾರ್ಮಿಕರು. 1934ರ ದೊಡ್ಡ ಮುಷ್ಕರದ ನಂತರದ ವರ್ಷಗಳಲ್ಲಿ, ಕ್ರೇನಿನ ಒಂದು ಹೊರೆ 2,100 ಪೌಂಡ್, ಅಂದರೆ ಸುಮಾರು 950 ಕಿಲೋ ಮೀರಬಾರದು ಎಂಬ ಮಿತಿಯನ್ನು ಅವರ ಸಂಘ ಗಳಿಸಿಕೊಂಡಿತ್ತು. ಕಾರ್ಮಿಕರ ಬಾಯಲ್ಲಿ ಅದು ಸುರಕ್ಷತೆ, ಮಾಲೀಕರ ಬಾಯಲ್ಲಿ ಸೋಮಾರಿತನ. 1960ರಲ್ಲಿ ಹ್ಯಾರಿ ಬ್ರಿಡ್ಜಸ್ ನೇತೃತ್ವದ ಸಂಘ ಮಾಲೀಕರೊಂದಿಗೆ ಯಾಂತ್ರೀಕರಣದ ಒಪ್ಪಂದ ಮಾಡಿಕೊಂಡಿತು. ಯಂತ್ರ ತರಲು ಮಾಲೀಕರಿಗೆ ಮುಕ್ತ ಅವಕಾಶ. ಅದಕ್ಕೆ ಬದಲಾಗಿ ಐದೂವರೆ ವರ್ಷಗಳಲ್ಲಿ ಒಟ್ಟು 2.9 ಕೋಟಿ ಡಾಲರಿನ ನಿಧಿ, ನೋಂದಾಯಿತರಿಗೆ ಕೆಲಸದ ಭದ್ರತೆ, ಯಾರ ಮೇಲೂ ವೈಯಕ್ತಿಕವಾಗಿ ವೇಗ ಹೇರುವಂತಿಲ್ಲ ಎಂಬ ಷರತ್ತು. ಉಳಿದ ಎರಡೂವರೆ ದಿನದ ಬೆಲೆ ಎಷ್ಟು ಎಂಬ ಪ್ರಶ್ನೆಯನ್ನು ಕಾಗದದ ಮೇಲೆ ಬರೆದು ಉತ್ತರ ಪಡೆದ ಅಪರೂಪದ ಉದಾಹರಣೆ ಇದು.

ಸಾಹಿತ್ಯದ ಓದುಗರಿಗೆ ಈ ಬಂದರು ಬೇರೆ ಕಾರಣಕ್ಕೆ ಗೊತ್ತಿರಬಹುದು. ‘ದಿ ಟ್ರೂ ಬಿಲೀವರ್’ ಬರೆದ ಎರಿಕ್ ಹಾಫರ್ ಸ್ಯಾನ್ ಫ್ರಾನ್ಸಿಸ್ಕೋದ ಇದೇ ಧಕ್ಕೆಯಲ್ಲಿ ಸರಕು ಹೊತ್ತವನು. 1958-59ರಲ್ಲಿ ಆತ ಬರೆದ ದಿನಚರಿ ಮುಂದೆ ಪುಸ್ತಕವಾಯಿತು. ಕೆಲಸ ಮುಗಿಸಿ ಬಂದು ಬರೆಯುವಷ್ಟು ಕಸುವು ಮೈಯಲ್ಲಿ ಉಳಿದಿತ್ತು ಎಂಬುದನ್ನೂ ನಾನು ಆ ಸಂಘದ ಚರಿತ್ರೆಯ ಭಾಗವಾಗಿಯೇ ಓದುತ್ತೇನೆ. ಹಾಗೆಂದು ಒಪ್ಪಂದವನ್ನು ತಲೆಯ ಮೇಲೆ ಹೊತ್ತು ಕುಣಿಯಬೇಕಿಲ್ಲ. ಪೂರ್ಣ ನೋಂದಣಿಯಾದ ‘ಎ’ ದರ್ಜೆಯವರಿಗೆ ನಿಧಿಯಲ್ಲಿ ಪಾಲಿತ್ತು. ಅವರು ಒಲ್ಲದ ಕೆಲಸಗಳನ್ನೆಲ್ಲ ಮಾಡುತ್ತಿದ್ದ ‘ಬಿ’ ದರ್ಜೆಯವರಿಗೆ ಇರಲಿಲ್ಲ.

ನಮ್ಮಲ್ಲಿ ಈ ಚೌಕಾಶಿ ಇನ್ನೊಂದು ಅಳತೆಗೋಲಿನ ಸುತ್ತ ನಡೆದಿದೆ: ಮೂಟೆಯ ತೂಕ. 2025ರವರೆಗೆ ಜಾರಿಯಲ್ಲಿದ್ದ 1948ರ ಕಾರ್ಖಾನೆ ಕಾಯ್ದೆಯ 34ನೇ ಕಲಂ, ಗಾಯವಾಗುವಷ್ಟು ಭಾರವನ್ನು ಯಾರಿಂದಲೂ ಹೊರಿಸಬಾರದು ಎನ್ನುತ್ತಿತ್ತು. 1967ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ವಯಸ್ಕ ಗಂಡಸಿಗೆ 55 ಕಿಲೋ ಮಿತಿ ಸೂಚಿಸಿದಾಗ ನಮ್ಮ ಹಮಾಲರ ಬೆನ್ನ ಮೇಲೆ ಕ್ವಿಂಟಲ್ ಮೂಟೆ ಇತ್ತು. ಸಂಸ್ಥೆಯ ಆ ಒಡಂಬಡಿಕೆಗೆ ಭಾರತ ಸಹಿ ಹಾಕಿದ್ದು 2010ರಲ್ಲಿ. ಚೀಲ 50 ಕಿಲೋಗೆ ಇಳಿದಿದೆ, ಬೆನ್ನು ಅದೇ ಇದೆ. ಎಪಿಎಂಸಿ ಗೋದಾಮಿನ ಚೀಲಗಳ ಅಟ್ಟಿಯಡಿ ಕವಲು ತೂರಲು ಇವತ್ತಿಗೂ ಜಾಗವಿಲ್ಲ. ಅತ್ತ ನೆಲಮಂಗಲ, ಹೊಸಕೋಟೆ ಕಡೆ ಎದ್ದಿರುವ ತಗಡಿನ ಚಾವಣಿಯ ದೊಡ್ಡ ಉಗ್ರಾಣಗಳಲ್ಲಿ ಪ್ಯಾಲೆಟ್ ಇದೆ, ಫೋರ್ಕ್‌ಲಿಫ್ಟ್ ಇದೆ, ನೆಲದ ಮೇಲೆ ಹಳದಿ ಗೆರೆ ಇದೆ. ಗೆರೆಯ ಈಚೆ ಸ್ಕ್ಯಾನರ್ ಹಿಡಿದು ದಿನವಿಡೀ ನಡೆಯುವವರಲ್ಲಿ ಗುತ್ತಿಗೆಯ ಹುಡುಗ ಹುಡುಗಿಯರೇ ಬಹಳ. ಅಲ್ಲಿ ಉಳಿತಾಯವಾಗುವ ಗಂಟೆಗಳಲ್ಲಿ ಅವರ ಪಾಲೆಷ್ಟು ಎಂದು ಬರೆದ ಒಪ್ಪಂದವೊಂದನ್ನು ನಾನು ಈವರೆಗೂ ಕಂಡಿಲ್ಲ.