ಅನುವಾದದ ಗಡುವು: ಪ್ರೊಸೆಸರ್ ಬದಲಾವಣೆಗಳ ಚರಿತ್ರೆಯಲ್ಲಿ ಭಾಷಾವಿಜ್ಞಾನದ ತಂತ್ರಾಂಶಗಳು

ಗಣಕಯಂತ್ರದ ಪ್ರೊಸೆಸರ್ ಬದಲಾದಾಗ ಅದರ ಮೇಲೆ ನಡೆಯುತ್ತಿದ್ದ ತಂತ್ರಾಂಶಗಳ ಗತಿಯೇನು ಎಂಬ ಪ್ರಶ್ನೆ ಹೆಚ್ಚಾಗಿ ವೇಗದ ಪ್ರಶ್ನೆಯಾಗಿಯೇ ಚರ್ಚೆಗೆ ಬಂದಿದೆ. ಹೊಸ ಯಂತ್ರ ಎಷ್ಟು ಪಟ್ಟು ಚುರುಕು, ಅನುವಾದದ ಪದರದ ಮೂಲಕ ನಡೆಯುವ ತಂತ್ರಾಂಶ ಎಷ್ಟು ನಿಧಾನ ಎಂಬ ಲೆಕ್ಕಗಳೇ ಅಲ್ಲಿ ಮುಖ್ಯ. ಧ್ವನಿಮುದ್ರಣ, ಪದಕೋಶ, ಪಠ್ಯಸಂಚಯಗಳನ್ನು ದಶಕಗಟ್ಟಲೆ ಕಾಪಾಡಬೇಕಾದ ಭಾಷಾವಿಜ್ಞಾನಿಗಳಿಗೆ ಈ ಲೆಕ್ಕದಿಂದ ಹೆಚ್ಚಿನ ಪ್ರಯೋಜನವಿಲ್ಲ. ಆಪಲ್ ಸಂಸ್ಥೆಯ ಮ್ಯಾಕ್ ಗಣಕಗಳು 1994, 2006 ಮತ್ತು 2020ರಲ್ಲಿ ಮೂರು ಬಾರಿ ಪ್ರೊಸೆಸರ್ ಕುಲವನ್ನೇ ಬದಲಿಸಿದವು. ಈ ಮೂರು ಸ್ಥಿತ್ಯಂತರಗಳನ್ನು ಆಧಾರವಾಗಿಟ್ಟುಕೊಂಡು ನಾವು ಇಲ್ಲಿ ಮುಂದಿಡುವ ವಾದ ಇಷ್ಟು: ಒಂದು ತಂತ್ರಾಂಶವನ್ನು ಇಡಿಯಾಗಿ ಅನುವಾದಿಸಿ ನಡೆಸುವುದು ಪ್ರತಿ ಸಲವೂ ಬಹುಮಟ್ಟಿಗೆ ಸಾಧ್ಯವಾಗಿದೆ, ತೊಡಕು ಉಂಟಾಗಿರುವುದು ಒಂದು ತಂತ್ರಾಂಶದೊಳಗೆ ಇನ್ನೊಂದು ಬಂದು ಕೂಡಿಕೊಳ್ಳುವ ಕೀಲುಗಳಲ್ಲಿ. ಭಾಷಾಧ್ಯಯನದ ಸಲಕರಣೆಗಳಲ್ಲಿ ಅಂತಹ ಕೀಲುಗಳು ಹೇರಳವಾಗಿವೆ.

ಮೊದಲಿಗೆ ಪರಿಭಾಷೆಯ ಮಾತು. ಪ್ರತಿಯೊಂದು ಪ್ರೊಸೆಸರ್ ಕುಲಕ್ಕೂ ತನ್ನದೇ ಆದ ಆದೇಶಗಳ ಗಣವಿರುತ್ತದೆ. ಸಿ, ಫೋರ್ಟ್ರಾನ್ ಮುಂತಾದ ಭಾಷೆಗಳಲ್ಲಿ ಬರೆದ ಮೂಲಸಂಕೇತವನ್ನು ಕಂಪೈಲರ್ ಆ ಗಣದ ಸಂಖ್ಯಾರೂಪಕ್ಕೆ, ಅಂದರೆ ಯಂತ್ರಸಂಕೇತಕ್ಕೆ, ಇಳಿಸುತ್ತದೆ. ಒಂದು ಕುಲದ ಯಂತ್ರಸಂಕೇತ ಇನ್ನೊಂದು ಕುಲಕ್ಕೆ ಅರ್ಥವಾಗದು. ಹೊಸ ಪ್ರೊಸೆಸರ್ ಬಂದಾಗ ಇರುವ ದಾರಿಗಳು ಎರಡು: ಮೂಲಸಂಕೇತವನ್ನು ಹೊಸ ಗಣಕ್ಕೆ ಮತ್ತೆ ಕಂಪೈಲ್ ಮಾಡುವುದು, ಇಲ್ಲವೇ ಹಳೆಯ ಯಂತ್ರಸಂಕೇತವನ್ನೇ ಹೊಸದಕ್ಕೆ ಅನುವಾದಿಸುತ್ತ ನಡೆಸುವುದು. ಮೊದಲನೆಯ ಬಗೆಯಲ್ಲಿ ಸಿದ್ಧವಾದುದನ್ನು ತಂತ್ರಜ್ಞರು ‘ನೇಟಿವ್’ ಎನ್ನುತ್ತಾರೆ. ಇದಕ್ಕೆ ಕನ್ನಡದಲ್ಲಿ ‘ಸ್ಥಳೀಯ’ ಎಂದರೆ ಅರ್ಥ ಸಾಲದು, ‘ಸಹಜ’ ಎಂದರೆ ಅತಿಯಾಗುತ್ತದೆ. ಮಾರ್ಗ–ದೇಸಿ ಚರ್ಚೆಯ ಭಾರ ಹೊತ್ತ ‘ದೇಸಿ’ ಪದವನ್ನು ಇಲ್ಲಿಗೆ ಎಳೆದು ತರುವ ಆಸೆಯನ್ನು ನಾವು ಹತ್ತಿಕ್ಕಿದ್ದೇವೆ. ಭಾಷಾವಿಜ್ಞಾನದಲ್ಲಿ ‘ನೇಟಿವ್ ಸ್ಪೀಕರ್’ ಎಂಬ ಪರಿಕಲ್ಪನೆ ಎಷ್ಟು ಸಡಿಲವಾದುದು ಎಂಬುದನ್ನು ಥಾಮಸ್ ಪೈಕಡೆ 1985ರಷ್ಟು ಹಿಂದೆಯೇ ಪುಸ್ತಕರೂಪದಲ್ಲಿ ವಾದಿಸಿದ್ದರು. ಗಣಕದ ಲೋಕದಲ್ಲಿ ಆ ಪದ ಇನ್ನೂ ವಿಚಿತ್ರವಾಗಿ ವರ್ತಿಸುತ್ತದೆ. ಇಲ್ಲಿ ಯಾರೂ ಹುಟ್ಟಿನಿಂದ ನೇಟಿವ್ ಅಲ್ಲ; ಮೂಲಸಂಕೇತ ಕೈಯಲ್ಲಿದ್ದು ಕಂಪೈಲ್ ಮಾಡುವವರಿದ್ದರೆ ಎಷ್ಟು ಕುಲಗಳಿಗೆ ಬೇಕಾದರೂ ನೇಟಿವ್ ಆಗಬಹುದು. ‘ಇನ್‌ಸ್ಟಾಲ್’ ಪದಕ್ಕೆ ಗಣಕದ ಕನ್ನಡದಲ್ಲಿ ‘ಸ್ಥಾಪಿಸು’, ‘ಅನುಸ್ಥಾಪಿಸು’ ಎರಡೂ ಬಳಕೆಯಲ್ಲಿವೆಯಾದರೂ ಆಡುನುಡಿ ಇವೆರಡನ್ನೂ ಒಪ್ಪಿಕೊಂಡಂತಿಲ್ಲ. ನಾವು ಜನರ ಮಾತಿನಲ್ಲಿರುವ ‘ಇನ್‌ಸ್ಟಾಲ್’ ಅನ್ನೇ ಬಳಸುತ್ತೇವೆ.

1984ರ ಮ್ಯಾಕಿಂತೋಷ್ ಮೊಟೊರೋಲಾದ 68000 ಪ್ರೊಸೆಸರಿನ ಮೇಲೆ ನಿಂತಿತ್ತು. ಆಪಲ್, ಐಬಿಎಂ ಮತ್ತು ಮೊಟೊರೋಲಾಗಳ 1991ರ ಒಪ್ಪಂದದ ಫಲವಾಗಿ ಬಂದ ಪವರ್‌ಪಿಸಿ ಪ್ರೊಸೆಸರ್ 1994ರ ಮಾರ್ಚ್‌ನಲ್ಲಿ ಪವರ್ ಮ್ಯಾಕಿಂತೋಷ್ ಗಣಕಗಳನ್ನು ಸೇರಿತು. ಹಳೆಯ ತಂತ್ರಾಂಶಗಳಿಗಾಗಿ 68000 ಕುಲದ ಅನುಕರಣ ವ್ಯವಸ್ಥೆಯೊಂದನ್ನು ಗಣಕದಲ್ಲಿಯೇ ಅಡಕಮಾಡಲಾಗಿತ್ತು. ಕಾರ್ಯಾಚರಣ ವ್ಯವಸ್ಥೆಯ ಬಹುಭಾಗವೂ ಆರಂಭದಲ್ಲಿ ಅದರ ಮೂಲಕವೇ ನಡೆಯುತ್ತಿತ್ತು. ನಮ್ಮ ವಾದಕ್ಕೆ ಮುಖ್ಯವಾದ ಸಂಗತಿ ಬೇರೊಂದಿದೆ. ‘ಮಿಕ್ಸ್ಡ್ ಮೋಡ್ ಮ್ಯಾನೇಜರ್’ ಎಂಬ ಘಟಕವೊಂದು ಒಂದೇ ತಂತ್ರಾಂಶದೊಳಗೆ ಎರಡೂ ಕುಲಗಳ ಯಂತ್ರಸಂಕೇತಗಳು ಪರಸ್ಪರ ಕರೆದುಕೊಳ್ಳಲು ಅವಕಾಶ ಕೊಟ್ಟಿತ್ತು. ಪವರ್‌ಪಿಸಿಯ ತಂತ್ರಾಂಶ 68000 ಕುಲದ ಉಪಘಟಕವನ್ನು ಕರೆದು, ಉತ್ತರ ಪಡೆದು, ಮುಂದುವರಿಯಬಹುದಿತ್ತು. ಭಾಷಾವಿಜ್ಞಾನದ ಮಾತಿನಲ್ಲಿ ಹೇಳುವುದಾದರೆ ಅಲ್ಲಿ ವಾಕ್ಯದ ಒಳಗೇ ಸಂಕೇತ ಮಿಶ್ರಣ ಸಾಧ್ಯವಿತ್ತು. ನಂತರದ ಎರಡು ಬದಲಾವಣೆಗಳಲ್ಲಿ ಆಪಲ್ ಈ ಸೌಕರ್ಯವನ್ನು ಒದಗಿಸಲಿಲ್ಲ.

ಆ ಕಾಲದ ಧ್ವನಿವಿಜ್ಞಾನಕ್ಕೆ ಮ್ಯಾಕ್ ಮುಖ್ಯ ಯಂತ್ರಗಳಲ್ಲೊಂದಾಗಿತ್ತು. ಬಿಲ್ ಅಟ್ಕಿನ್ಸನ್ ರೂಪಿಸಿ 1987ರಲ್ಲಿ ಹೊರಬಂದ ಹೈಪರ್‌ಕಾರ್ಡ್ ಎಂಬ ತಂತ್ರಾಂಶದಲ್ಲಿ ಪಠ್ಯ, ಚಿತ್ರ, ಧ್ವನಿ ಮೂರನ್ನೂ ಒಂದೇ ‘ಕಟ್ಟಿ’ನಲ್ಲಿ ಹೆಣೆಯಬಹುದಿತ್ತು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲಾಸ್ ಏಂಜಲೀಸ್ ಧ್ವನಿವಿಜ್ಞಾನ ಪ್ರಯೋಗಾಲಯದಲ್ಲಿ ಪೀಟರ್ ಲ್ಯಾಡಿಫೋಗೆಡ್ ಮತ್ತು ಸಹೋದ್ಯೋಗಿಗಳು ‘ಸೌಂಡ್ಸ್ ಆಫ್ ದ ವರ್ಲ್ಡ್ಸ್ ಲ್ಯಾಂಗ್ವೇಜಸ್’ ಎಂಬ ಹೆಸರಿನಲ್ಲಿ ಜಗತ್ತಿನ ಭಾಷೆಗಳ ಧ್ವನಿಗಳ ಸಂಗ್ರಹವನ್ನು ಹೈಪರ್‌ಕಾರ್ಡ್ ಕಟ್ಟುಗಳಾಗಿ ಸಿದ್ಧಪಡಿಸಿದರು. ಇದೇ ಹೆಸರಿನ, ಇಯಾನ್ ಮ್ಯಾಡಿಸನ್ ಜೊತೆಗೂಡಿ ಬರೆದ 1996ರ ಗ್ರಂಥದಲ್ಲಿ ನಮ್ಮ ನೆರೆಯ ನೀಲಗಿರಿಯ ತೊದ ಭಾಷೆಯ ಕಂಪಿತ ಧ್ವನಿಗಳಿಗೆ ಮಹತ್ವದ ಸ್ಥಾನವಿದೆ. ಆ ಭಾಷೆಯ ರಕಾರ ವರ್ಗದ ಧ್ವನಿಗಳನ್ನು ಲ್ಯಾಡಿಫೋಗೆಡ್ ಅವರು ಪೇರಿ ಭಾಸ್ಕರರಾವ್ ಮತ್ತಿತರರೊಡನೆ ಕ್ಷೇತ್ರಕಾರ್ಯದ ಮೂಲಕ ಅಧ್ಯಯನ ಮಾಡಿದ್ದರು. ಗ್ರಂಥ ಇಂದಿಗೂ ಯಾವ ಗ್ರಂಥಾಲಯದಲ್ಲಾದರೂ ತೆರೆಯುತ್ತದೆ. ಕಟ್ಟುಗಳ ಕಥೆ ಹಾಗಲ್ಲ. ಹೈಪರ್‌ಕಾರ್ಡ್ ಅನ್ನು ಹೊಸ ಮ್ಯಾಕ್ ಓಎಸ್ ಟೆನ್‌ಗೆಂದು ಮತ್ತೆ ಸಿದ್ಧಪಡಿಸಲೇ ಇಲ್ಲ. 2004ರಲ್ಲಿ ಮಾರಾಟ ನಿಂತಿತು. ಹಳೆಯ ತಂತ್ರಾಂಶಗಳಿಗೆಂದು ಇದ್ದ ‘ಕ್ಲಾಸಿಕ್’ ಪರಿಸರದಲ್ಲಿ ಅದು ಕೆಲಕಾಲ ಉಸಿರಾಡಿತು. ಇಂಟೆಲ್ ಪ್ರೊಸೆಸರಿನ ಮ್ಯಾಕ್‌ಗಳಲ್ಲಿ ಕ್ಲಾಸಿಕ್ ಪರಿಸರವೇ ಇರಲಿಲ್ಲ. ಆ ಗಣಕಗಳು ಹೊರಬಂದದ್ದು 2006ರ ಜನವರಿಯಲ್ಲಿ. ಭಾರತದ ಸಂಶೋಧನಾ ಪ್ರವಾಸ ಮುಗಿಸಿ ಊರಿಗೆ ಮರಳುತ್ತಿದ್ದ ಲ್ಯಾಡಿಫೋಗೆಡ್ ಲಂಡನ್ನಿನಲ್ಲಿ ತೀರಿಕೊಂಡದ್ದೂ ಅದೇ ತಿಂಗಳು. ಅವರ ಪ್ರಯೋಗಾಲಯದ ಧ್ವನಿಮುದ್ರಣಗಳು ಕಟ್ಟಿನ ಹೊರಗೆ ಬಿಡಿ ಧ್ವನಿಕಡತಗಳಾಗಿಯೂ ಪ್ರಕಟವಾದುದರಿಂದ ಉಳಿದುಕೊಂಡವು.

2005ರ ಜೂನ್ 6ರಂದು ಸ್ಟೀವ್ ಜಾಬ್ಸ್ ಇಂಟೆಲ್‌ನ ಕಡೆಗೆ ಹೊರಳುವುದನ್ನು ಘೋಷಿಸಿದಾಗ ಅನುವಾದದ ಪದರಕ್ಕೆ ‘ರೊಸೆಟ್ಟಾ’ ಎಂಬ ಹೆಸರಿಟ್ಟರು. ಅದರ ತಂತ್ರಜ್ಞಾನ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ ಸಂಶೋಧನೆಯಿಂದ ಹುಟ್ಟಿದ ಟ್ರಾನ್ಸಿಟಿವ್ ಎಂಬ ಸಂಸ್ಥೆಯದು. ಹೆಸರನ್ನು ಆರಿಸಿದವರಿಗೆ ಶಾಸನಶಾಸ್ತ್ರದ ನೆನಪು ಅಷ್ಟಾಗಿ ಇದ್ದಂತೆ ಕಾಣುವುದಿಲ್ಲ. 1799ರಲ್ಲಿ ದೊರೆತ ರೊಸೆಟ್ಟಾ ಶಿಲೆ ಯಾವುದನ್ನೂ ಅನುವಾದಿಸುವುದಿಲ್ಲ; ಕ್ರಿ.ಪೂ. 196ರ ಒಂದೇ ರಾಜಾಜ್ಞೆಯನ್ನು ಎರಡು ಭಾಷೆಗಳಲ್ಲಿ, ಮೂರು ಲಿಪಿಗಳಲ್ಲಿ ಒಂದರ ಕೆಳಗೊಂದು ಇಟ್ಟು ಸುಮ್ಮನಿರುತ್ತದೆ. ಆ ಶಿಲೆಗೆ ನಿಜಕ್ಕೂ ಹತ್ತಿರವಾದದ್ದು ಆಗಲೇ ಬಳಕೆಗೆ ಬಂದ ‘ಯೂನಿವರ್ಸಲ್ ಬೈನರಿ’: ಒಂದೇ ಮೂಲಸಂಕೇತದಿಂದ ಇಳಿಸಿದ ಎರಡು ಕುಲಗಳ ಯಂತ್ರಸಂಕೇತಗಳನ್ನು ಒಂದೇ ಕಡತದಲ್ಲಿ ಅಕ್ಕಪಕ್ಕ ಇಡುವ ಪದ್ಧತಿ.

ಆ ರೊಸೆಟ್ಟಾ ಇಡೀ ತಂತ್ರಾಂಶವನ್ನು ಮಾತ್ರ ಅನುವಾದಿಸುತ್ತಿತ್ತು. ಪವರ್‌ಪಿಸಿಯ ಉಪಘಟಕವನ್ನು ಇಂಟೆಲ್‌ನ ತಂತ್ರಾಂಶದೊಳಗೆ ಸೇರಿಸುವಂತಿರಲಿಲ್ಲ. ಪವರ್‌ಪಿಸಿ ಯಂತ್ರಸಂಕೇತದ ಗ್ರಂಥಾಲಯಗಳನ್ನು ನೆಚ್ಚಿದ ಜಾವಾ ತಂತ್ರಾಂಶಗಳು ಅದರ ವ್ಯಾಪ್ತಿಯ ಹೊರಗುಳಿದವು. ಐದೂವರೆ ವರ್ಷಗಳ ನಂತರ, 2011ರ ಜುಲೈನಲ್ಲಿ ಬಂದ ‘ಲಯನ್’ ಆವೃತ್ತಿಯಲ್ಲಿ ರೊಸೆಟ್ಟಾ ಇರಲಿಲ್ಲ.

ಮೂರನೆಯ ಬದಲಾವಣೆಯ ಪ್ರೊಸೆಸರಿಗೆ ಉದ್ದನೆಯ ಪೂರ್ವೇತಿಹಾಸವಿದೆ. ಕೇಂಬ್ರಿಜ್‌ನ ಏಕಾರ್ನ್ ಸಂಸ್ಥೆಯಲ್ಲಿ ಸೋಫಿ ವಿಲ್ಸನ್ ಮತ್ತು ಸ್ಟೀವ್ ಫರ್ಬರ್ ರೂಪಿಸಿದ ಆರ್ಮ್ ಪ್ರೊಸೆಸರ್ 1985ರಲ್ಲಿ ಮೊದಲು ಕೆಲಸ ಮಾಡಿತು. 2020ರ ನವೆಂಬರಿನಲ್ಲಿ ಅದೇ ಕುಲದ ಎಂ1 ಮ್ಯಾಕ್ ಸೇರಿತು. ಹೊಸ ರೊಸೆಟ್ಟಾ 2 ಇಂಟೆಲ್ ತಂತ್ರಾಂಶವನ್ನು ಬಹುಮಟ್ಟಿಗೆ ಮುಂಚಿತವಾಗಿಯೇ, ಇನ್‌ಸ್ಟಾಲ್ ಮಾಡುವಾಗ ಅಥವಾ ಮೊದಲ ಬಾರಿ ತೆರೆಯುವಾಗ, ಅನುವಾದಿಸಿಟ್ಟುಕೊಳ್ಳುತ್ತದೆ. ಸ್ಮೃತಿಯಲ್ಲಿ ಬರೆದುದು ಬೇರೆ ಕೋರ್‌ಗಳಿಗೆ ಯಾವ ಕ್ರಮದಲ್ಲಿ ಕಾಣಬೇಕು ಎಂಬ ವಿಷಯದಲ್ಲಿ ಇಂಟೆಲ್ ಕುಲ ಬಿಗಿ, ಆರ್ಮ್ ಕುಲ ಸಡಿಲ. ಈ ವ್ಯತ್ಯಾಸವನ್ನು ತಂತ್ರಾಂಶದಲ್ಲಿ ಸರಿದೂಗಿಸಿದರೆ ವೇಗ ಕುಸಿಯುತ್ತದೆಂದು ಆಪಲ್ ತನ್ನ ಪ್ರೊಸೆಸರಿನಲ್ಲಿಯೇ ಇಂಟೆಲ್ ಕ್ರಮವನ್ನು ಪಾಲಿಸುವ ಸ್ಥಿತಿಯೊಂದನ್ನು ಇಟ್ಟಿತು. ಅನುವಾದ ಅಷ್ಟು ಸೊಗಸಾಗಿ ನಡೆದದ್ದಕ್ಕೆ ಇದೂ ಒಂದು ಕಾರಣ. ಅಷ್ಟು ಸೊಗಸಾಗಿ ನಡೆದುದರಿಂದಲೇ ಬಹಳ ಮಂದಿಗೆ ತಾವು ಬಳಸುತ್ತಿರುವುದು ನೇಟಿವ್ ತಂತ್ರಾಂಶವೋ ಅನುವಾದವೋ ತಿಳಿಯಲಿಲ್ಲ.

ತಿಳಿಯದಿದ್ದರೂ ಕೀಲುಗಳಲ್ಲಿ ಅದು ಹೊರಬೀಳುತ್ತದೆ. ಆರ್ ಎಂಬ ಸಂಖ್ಯಾಶಾಸ್ತ್ರೀಯ ಪರಿಸರವನ್ನೇ ನೋಡೋಣ. ಹರಾಲ್ಡ್ ಬಾಯೆನ್ ಮತ್ತು ಸಂಗಡಿಗರ 2008ರ ಲೇಖನದ ನಂತರ ಮಿಶ್ರಪರಿಣಾಮ ಮಾದರಿಗಳು ಪ್ರಾಯೋಗಿಕ ಭಾಷಾವಿಜ್ಞಾನದ ದಿನಬಳಕೆಯಾದವು. ಅವಕ್ಕೆ ಬೇಕಾದ ಎಲ್‌ಎಂಇ4 ಪ್ಯಾಕೇಜಿನೊಳಗೆ ಸಿ++ ಭಾಷೆಯಿಂದ ಇಳಿಸಿದ ಯಂತ್ರಸಂಕೇತವಿದೆ. ಆರ್ಮ್‌ಗೆಂದು ಕಂಪೈಲ್ ಮಾಡಿದ ಆರ್ ಒಳಗೆ ಇಂಟೆಲ್‌ಗೆಂದು ಕಂಪೈಲ್ ಮಾಡಿದ ಪ್ಯಾಕೇಜು ಕೂಡುವುದಿಲ್ಲ. ಆರ್ ಅನ್ನೇ ಹೊಸದಕ್ಕೆ ಇಳಿಸುವುದೂ ಸುಲಭವಾಗಿರಲಿಲ್ಲ. ಅದರ ರೇಖೀಯ ಬೀಜಗಣಿತದ ಭಾಗ ಫೋರ್ಟ್ರಾನ್‌ನಲ್ಲಿದೆ. ಎಂ1 ಬಂದ ದಿನಗಳಲ್ಲಿ ಆ ಯಂತ್ರಕ್ಕೆ ಫೋರ್ಟ್ರಾನ್‌ನ ಮುಕ್ತ ಕಂಪೈಲರ್ ಇನ್ನೂ ಅಭಿವೃದ್ಧಿಯ ಹಂತದಲ್ಲಿತ್ತು. ಅರವತ್ತು ವರ್ಷ ದಾಟಿದ ಭಾಷೆಯೊಂದು ಹೊಚ್ಚಹೊಸ ಯಂತ್ರದ ಬಾಗಿಲಲ್ಲಿ ದಾರಿ ಕಾಯುವಂತಾಯಿತು. ಆರ್ಮ್ ಮ್ಯಾಕ್‌ಗಳಿಗೆ ನೇಟಿವ್ ಆದ ಆರ್ 4.1.0 ದೊರೆತದ್ದು 2021ರ ಮೇ ತಿಂಗಳಲ್ಲಿ. ಅದಕ್ಕೆ ಮೂರು ತಿಂಗಳ ಮುಂಚೆ, ಫೆಬ್ರವರಿಯಲ್ಲಿ, ಹೋಮ್‌ಬ್ರೂ 3.0 ಬಂದಿತ್ತು. ಇಂಟೆಲ್ ಕಾಲದ ಸಾಮಗ್ರಿಯನ್ನು ‘/ಯುಎಸ್‌ಆರ್/ಲೋಕಲ್’ನಲ್ಲಿ ಇಡುತ್ತಿದ್ದ ಅದು ಆರ್ಮ್‌ನ ಸಾಮಗ್ರಿಗೆ ‘/ಆಪ್ಟ್/ಹೋಮ್‌ಬ್ರೂ’ ಎಂಬ ಬೇರೆ ಮನೆಯನ್ನೇ ಕಟ್ಟಿತು. ಎರಡೂ ಒಂದೇ ಗಣಕದಲ್ಲಿ ಇರಬಹುದು, ಬೆರೆಯುವಂತಿಲ್ಲ. ಟರ್ಮಿನಲ್ ತಂತ್ರಾಂಶವೇ ರೊಸೆಟ್ಟಾದ ಮೂಲಕ ತೆರೆದಿದ್ದರೆ ಅದರಿಂದ ಹೊರಡುವ ಆದೇಶಗಳೆಲ್ಲ ತಾವು ಇಂಟೆಲ್ ಗಣಕದಲ್ಲಿದ್ದೇವೆಂದೇ ಭಾವಿಸುತ್ತವೆ. ಇನ್‌ಸ್ಟಾಲ್ ಆಗುವುದೂ ಅಲ್ಲಿಗೆ ತಕ್ಕುದೇ.

ಇನ್ನೂ ಸೂಕ್ಷ್ಮವಾದ ಸಂಗತಿಯೊಂದಿದೆ. ಆರ್‌ನಲ್ಲಿ ‘ದತ್ತಾಂಶ ಲಭ್ಯವಿಲ್ಲ’ ಎಂಬುದಕ್ಕೆ ಎನ್‌ಎ ಎಂಬ ಗುರುತಿದೆ. ‘ಇದು ಸಂಖ್ಯೆಯೇ ಅಲ್ಲ’ ಎಂಬುದಕ್ಕೆ ಎನ್‌ಎಎನ್ ಎಂಬ ಬೇರೆ ಗುರುತು. ದಶಮಾಂಶ ಸಂಖ್ಯೆಗಳಲ್ಲಿ ಎನ್‌ಎ ಎಂದರೆ ಒಳಗೆ 1954 ಎಂಬ ಸಂಖ್ಯೆಯನ್ನು ಅಡಗಿಸಿಕೊಂಡ ಒಂದು ಎನ್‌ಎಎನ್. ಎರಡನ್ನೂ ಕೂಡಿಸಿದರೆ ಯಾವುದು ಉಳಿಯುತ್ತದೆ ಎಂಬುದನ್ನು ಆರ್ ಖಾತರಿಪಡಿಸುವುದಿಲ್ಲ, ಅದು ಯಂತ್ರವನ್ನು ಅವಲಂಬಿಸಬಹುದು ಎಂದು ಅದರ ಕೈಪಿಡಿಯೇ ಹೇಳುತ್ತದೆ. ಕ್ಷೇತ್ರಕಾರ್ಯದಲ್ಲಿ ಭಾಷಿಕರು ಆ ಪದವನ್ನು ಹೇಳಲೇ ಇಲ್ಲ ಎಂಬುದಕ್ಕೂ, ಹೇಳಿದರೂ ಸ್ವರದ ಫಾರ್ಮಂಟಿನ ಲೆಕ್ಕ ಕೆಟ್ಟಿತು ಎಂಬುದಕ್ಕೂ ಇರುವ ಅಂತರ ಈ ಎರಡು ಗುರುತುಗಳ ನಡುವೆ ನಿಂತಿರುತ್ತದೆ. ಅದನ್ನು ಪ್ರತ್ಯೇಕ ಕಾಲಮ್ಮಿನಲ್ಲಿ ಬರೆದಿಡದೆ ಪ್ರೊಸೆಸರಿನ ಮರ್ಜಿಗೆ ಬಿಡುವುದು ನಮ್ಮ ಅಭಿಪ್ರಾಯದಲ್ಲಿ ಸರಿಯಾದ ವಿಧಾನವಲ್ಲ.

ಬದಲಾವಣೆಗಳನ್ನು ದಾಟಿ ಬಂದವು ಯಾವುವು? ಆಮ್‌ಸ್ಟರ್‌ಡಾಂ ವಿಶ್ವವಿದ್ಯಾಲಯದ ಪೌಲ್ ಬೂರ್ಸ್ಮಾ ಮತ್ತು ಡೇವಿಡ್ ವೇನಿಂಕ್ ಅವರ ‘ಪ್ರಾಟ್’ (ಡಚ್ ಭಾಷೆಯಲ್ಲಿ ‘ಮಾತು’) ಪವರ್‌ಪಿಸಿಯಿಂದ ಇಂಟೆಲ್‌ಗೆ, ಇಂಟೆಲ್‌ನಿಂದ ಆರ್ಮ್‌ಗೆ ಬಂತು. ಅದರ ಮೂಲಸಂಕೇತ ಮುಕ್ತವಾಗಿದೆ, ಹೊರಗಿನ ಘಟಕಗಳ ಹಂಗು ಕಡಿಮೆ, ಅದನ್ನು ಬರೆದವರೇ ಬಿಡದೆ ಕಂಪೈಲ್ ಮಾಡುತ್ತಿದ್ದಾರೆ. ಇದಕ್ಕೆ ಪೂರ್ತಿ ಬೇರೆಯಾದ ಉದಾಹರಣೆ ಎಸ್‌ಐಎಲ್ ಸಂಸ್ಥೆಯ ‘ಶೂಬಾಕ್ಸ್’. ಡಾಸ್ ಕಾಲದ ಹದಿನಾರು ಬಿಟ್ ತಂತ್ರಾಂಶಗಳು ಅರವತ್ತನಾಲ್ಕು ಬಿಟ್‌ನ ವಿಂಡೋಸ್‌ನಲ್ಲಿ ತೆರೆಯುವುದೇ ಇಲ್ಲ. ಆದರೂ ಶೂಬಾಕ್ಸ್‌ನಲ್ಲಿ ಕಟ್ಟಿದ ಪದಕೋಶಗಳನ್ನು ಇಂದಿಗೂ ಓದಬಹುದು. ಅವು ಸಾದಾ ಪಠ್ಯ. ಪ್ರತಿ ಸಾಲಿನ ಮೊದಲಿಗೆ ಒಂದು ಓರೆಗೆರೆ ಮತ್ತು ಪುಟ್ಟ ಗುರುತು, ಅಷ್ಟೆ. ಸ್ಟೀವನ್ ಬರ್ಡ್ ಮತ್ತು ಗ್ಯಾರಿ ಸೈಮನ್ಸ್ 2003ರಲ್ಲಿ ‘ಲ್ಯಾಂಗ್ವೇಜ್’ ಪತ್ರಿಕೆಯಲ್ಲಿ ಭಾಷಾದಾಖಲೆಯ ಒಯ್ಯುವಿಕೆಯ ಏಳು ಆಯಾಮಗಳನ್ನು ಚರ್ಚಿಸಿದಾಗ ಅವರ ಮುಖ್ಯ ಕಳವಳಗಳಲ್ಲಿ ಒಂದು ಇದೇ ಆಗಿತ್ತು.

ಕನ್ನಡ ಬರೆಯುವವರಿಗೆ ಈ ಚರಿತ್ರೆ ಮುಟ್ಟುವುದು ಕೀಲಿಮಣೆಯಲ್ಲಿ. ವಿಂಡೋಸ್ ಕೂಡ ಈಗ ಆರ್ಮ್ ಯಂತ್ರಗಳಲ್ಲಿ ನಡೆಯುತ್ತದೆ, ಇಂಟೆಲ್ ತಂತ್ರಾಂಶಗಳನ್ನು ಅನುಕರಿಸಿ ನಡೆಸುತ್ತದೆ. ಅಲ್ಲಿ ತೊಂದರೆಗೆ ಸಿಲುಕಬಹುದಾದವುಗಳ ಪಟ್ಟಿಯಲ್ಲಿ ಮೈಕ್ರೋಸಾಫ್ಟ್ ಬರವಣಿಗೆಯ ಇನ್‌ಪುಟ್ ತಂತ್ರಾಂಶಗಳನ್ನೂ ಅಂಗವಿಕಲರಿಗೆ ನೆರವಾಗುವ ತಂತ್ರಾಂಶಗಳನ್ನೂ ಹೆಸರಿಸಿದೆ. ಕಾರಣ ಸ್ಪಷ್ಟ. ಇನ್‌ಪುಟ್ ತಂತ್ರಾಂಶ ಪ್ರತಿಯೊಂದು ತಂತ್ರಾಂಶದ ಒಳಹೊಕ್ಕು ಕೆಲಸ ಮಾಡಬೇಕು. ಆತಿಥೇಯ ಆರ್ಮ್ ಆಗಿದ್ದರೆ ಅತಿಥಿಯೂ ಆರ್ಮ್ ಆಗಿರಬೇಕು. ಇಂಗ್ಲಿಷಿನಲ್ಲಿ ಬರೆಯುವವನಿಗೆ ಈ ಕೀಲು ಎದುರಾಗುವುದೇ ಅಪರೂಪ. ಕಾರ್ಯಾಚರಣ ವ್ಯವಸ್ಥೆ ಕೊಡುವ ಕೀಲಿಮಣೆಯಾಚೆಗೆ ಬೇರೊಂದನ್ನು ಇನ್‌ಸ್ಟಾಲ್ ಮಾಡಿಕೊಂಡು ಬರೆಯುವ ಭಾಷೆಗಳವರಿಗೇ ಅದು ಎದುರಾಗುವುದು. ಕೀಲಿಮಣೆಯ ವಿನ್ಯಾಸ ಯಂತ್ರಸಂಕೇತವಾಗಿರದೆ ಕೇವಲ ಪಟ್ಟಿಯಾಗಿದ್ದರೆ ಈ ತೊಡಕಿಲ್ಲ: ಮ್ಯಾಕ್‌ನಲ್ಲಿ ಕೀಲಿಮಣೆಯ ವಿನ್ಯಾಸವನ್ನು ಎಕ್ಸ್‌ಎಂಎಲ್ ಕಡತವಾಗಿ ಬರೆಯಬಹುದು, ಅದಕ್ಕೆ ಪ್ರೊಸೆಸರಿನ ಗೊಡವೆಯೇ ಇಲ್ಲ. 2021ರಲ್ಲಿ ಮೈಕ್ರೋಸಾಫ್ಟ್ ಪ್ರಕಟಿಸಿದ ‘ಆರ್ಮ್64ಇಸಿ’ ಪದ್ಧತಿ ಒಂದೇ ತಂತ್ರಾಂಶದೊಳಗೆ ಎರಡು ಕುಲಗಳ ಸಂಕೇತ ಬೆರೆಯಲು ಮತ್ತೆ ಅವಕಾಶ ಕೊಟ್ಟಿದೆ. 1994ರ ಸಂಕೇತ ಮಿಶ್ರಣ ಬೇರೊಂದು ಸಂಸ್ಥೆಯಲ್ಲಿ, ಬೇರೊಂದು ಹೆಸರಿನಲ್ಲಿ ಮರಳಿ ಬಂದಂತಾಯಿತು.

ರೊಸೆಟ್ಟಾ 2ಕ್ಕೂ ಗಡುವು ಗೊತ್ತಾಗಿದೆ. 2025ರ ಜೂನ್‌ನಲ್ಲಿ ಆಪಲ್ ತಿಳಿಸಿರುವಂತೆ ಮ್ಯಾಕ್‌ಓಎಸ್ 27ರವರೆಗೆ ಅದು ಪೂರ್ಣವಾಗಿ ದೊರೆಯುತ್ತದೆ. ಬಳಿಕ ಹಳೆಯ ಕೆಲವು ಆಟಗಳಿಗೆ ಬೇಕಾದಷ್ಟನ್ನು ಮಾತ್ರ ಉಳಿಸಿಕೊಳ್ಳಲಾಗುತ್ತದೆ. ಹಳೆಯ ಭಾಷಾದಾಖಲೆಗಳಿಗಾಗಿ ಅಂತಹ ವಿನಾಯಿತಿ ಯಾವುದೂ ಪ್ರಕಟವಾಗಿಲ್ಲ. ಮ್ಯಾಕ್ ಬಳಸುವ ಪ್ರಯೋಗಾಲಯಗಳು ಆಕ್ಟಿವಿಟಿ ಮಾನಿಟರ್ ತೆರೆದು, ನಡೆಯುತ್ತಿರುವ ತಂತ್ರಾಂಶಗಳ ‘ಕೈಂಡ್’ ಕಾಲಮ್ಮನ್ನು ನೋಡಬಹುದು. ಅಲ್ಲಿ ‘ಆಪಲ್’ ಎಂದಿರುವವು ನೇಟಿವ್. ‘ಇಂಟೆಲ್’ ಎಂದು ಕಾಣುವ ಪ್ರತಿಯೊಂದರ ಮೂಲಸಂಕೇತ ಯಾರ ಬಳಿಯಿದೆ, ಅದರಲ್ಲಿರುವ ದತ್ತಾಂಶ ಸಾದಾ ಪಠ್ಯವಾಗಿ, ಬಿಡಿ ಧ್ವನಿಕಡತಗಳಾಗಿ ಹೊರಬರುತ್ತದೆಯೇ ಎಂಬುದನ್ನು ಈಗಲೇ ಬರೆದಿಡಬೇಕಾಗಿದೆ.