ಜಯಲಕ್ಷ್ಮೀ ವಿಲಾಸ: ಎರಡೆರಡು ಸಲ ದುರಸ್ತಿಗೆ ಬಂದ ರಾಜಕುಮಾರಿಯ ಮನೆ

ಮೈಸೂರಿನ ಮಾನಸಗಂಗೋತ್ರಿಯಲ್ಲಿ ಓದಿದವರಿಗೆ ಈ ಮನೆ ಗೊತ್ತೇ ಇರುತ್ತೆ. ಕುಕ್ಕರಹಳ್ಳಿ ಕೆರೆಯ ಪಶ್ಚಿಮಕ್ಕೆ, ಜೋಡಿ ಕಂಬಗಳ ಸಾಲು ಇರೋ ದೊಡ್ಡ ಬಂಗಲೆ. ಹೆಸರು ಜಯಲಕ್ಷ್ಮೀ ವಿಲಾಸ.

ನಾಲ್ವಡಿ ಕೃಷ್ಣರಾಜ ಒಡೆಯರ್ 1905ರಲ್ಲಿ ಇದನ್ನ ಕಟ್ಟಿಸಿದ್ದು ತಮ್ಮ ಅಕ್ಕ ಜಯಲಕ್ಷ್ಮಮ್ಮಣ್ಣಿ ಅವರಿಗಾಗಿ. ಅವರ ಪತಿ ಕಾಂತರಾಜ ಅರಸ್, ಮುಂದೆ ವಿಶ್ವೇಶ್ವರಯ್ಯನವರ ನಂತರ ಮೈಸೂರಿನ ದಿವಾನರಾದವರು. ಆ ಕಾಲಕ್ಕೇ ಖರ್ಚು 7 ಲಕ್ಷ ರೂಪಾಯಿ! ಸುಮಾರು 125 ಕೋಣೆ, 300 ಕಿಟಕಿ, 287 ಕೆತ್ತನೆ ಬಾಗಿಲು.

ಕುವೆಂಪು ಕುಲಪತಿಗಳಾಗಿದ್ದಾಗ, 1959ರಲ್ಲಿ, ವಿಶ್ವವಿದ್ಯಾಲಯ ಇದನ್ನ 10 ಲಕ್ಷಕ್ಕೆ ಕೊಂಡುಕೊಳ್ತು. ಆಮೇಲೆ ದೇಜಗೌ ಅವರ ಕಾಲದಲ್ಲಿ ಇಲ್ಲಿ ಜಾನಪದ ವಸ್ತುಸಂಗ್ರಹಾಲಯ ಬೆಳೀತು. ಜೀಶಂಪ, ಪಿ.ಆರ್. ತಿಪ್ಪೇಸ್ವಾಮಿ ಅಂಥವರು ಊರೂರು ಸುತ್ತಿ ಸಂಗ್ರಹಿಸಿದ್ರು. ತೊಗಲುಗೊಂಬೆ, ಯಕ್ಷಗಾನದ ವೇಷ, ಹಳ್ಳಿ ಮನೆಯ ಸಾಮಾನು, ಎಲ್ಲ ಬಂದು ರಾಜಕುಮಾರಿಯ ಕೋಣೆಗಳಲ್ಲಿ ಕೂತವು. ಅರಮನೆ ಊರಿನ ಜನರದ್ದಾಗಿದ್ದು ಹೀಗೆ.

ಆದ್ರೆ ಮನೆ ಮಾತ್ರ ಸೊರಗ್ತಾ ಹೋಯ್ತು. ಇನ್ಫೋಸಿಸ್ ಫೌಂಡೇಶನ್ ಕೊಟ್ಟ ಸುಮಾರು 1.17 ಕೋಟಿ ರೂಪಾಯಿಯಲ್ಲಿ ಜೀರ್ಣೋದ್ಧಾರ ಆಗಿ, 2006ರಲ್ಲಿ ಮತ್ತೆ ಕಳೆಕಟ್ಟಿತು. ಕತೆ ಸುಖಾಂತ್ಯ ಅನ್ಕೊಂಡ್ರಾ? ಇಲ್ಲ. ಕೆಲವೇ ವರ್ಷದಲ್ಲಿ ಚಾವಣಿ ಸೋರಿ, ಮರ ಕೊಳೆತು, ಬಾಗಿಲು ಮುಚ್ಚೋ ಸ್ಥಿತಿ ಬಂತು. ಈಗ ಮತ್ತೆ ದುರಸ್ತಿ. ಈ ಸಲ ನೆರವು ಅಮೆರಿಕದ ರಾಯಭಾರಿಗಳ ಸಾಂಸ್ಕೃತಿಕ ಸಂರಕ್ಷಣಾ ನಿಧಿಯಿಂದ, ಜತೆಗೆ ಡೆಕ್ಕನ್ ಹೆರಿಟೇಜ್ ಫೌಂಡೇಶನ್.

ನಾನು ಬಿಕಾಂ ಓದಿದವನು, ಹಾಗಾಗಿ ಲೆಕ್ಕದ ಭಾಷೇಲೇ ಹೇಳ್ತೀನಿ. ಬಂಡವಾಳದ ಖರ್ಚಿಗೆ ದಾನಿಗಳು ಸಿಗ್ತಾರೆ. ಅದಕ್ಕೆ ಉದ್ಘಾಟನೆ ಇದೆ, ಕಲ್ಲಿನ ಮೇಲೆ ಹೆಸರಿದೆ. ಪ್ರತಿ ಮಳೆಗಾಲಕ್ಕೆ ಮುಂಚೆ ಮಾಳಿಗೆ ಗುಡಿಸಿ, ನೀರಿನ ದಾರಿ ಬಿಡಿಸಿ, ಬಿರುಕಿಗೆ ಗಾರೆ ತುಂಬೋ ಖರ್ಚಿಗೆ? ಅದಕ್ಕೆ ರಿಬ್ಬನ್ ಕತ್ತರಿಸೋರು ಯಾರೂ ಇಲ್ಲ. ಆದ್ರೆ ಹಳೇ ಮನೆ ಉಳಿಯೋದು ಆ ಸಣ್ಣ ಖರ್ಚಿನಿಂದಲೇ. ನೀರು ಒಂದು ಸಲ ಗೋಡೆಗಿಳಿದ್ರೆ ಸಾವಿರದ ಕೆಲಸ ಕೋಟಿಗೆ ಹೋಗಿ ನಿಲ್ಲುತ್ತೆ.

ಹಾಗಾಗಿ ಈ ಸಲ ದುರಸ್ತಿ ಮುಗಿದಾಗ ಎಷ್ಟು ಕೋಟಿ ಆಯ್ತು ಅಂತಷ್ಟೇ ಕೇಳ್ಬೇಡಿ. ಮುಂದಿನ ವರ್ಷದ ನಿರ್ವಹಣೆಗೆ ಎಷ್ಟು ತೆಗೆದಿಟ್ಟಿದ್ದೀರಿ ಅಂತಲೂ ಕೇಳಿ. ಮುಂದಿನ ಎಪಿಸೋಡ್‌ನಲ್ಲಿ ಸಿಗೋಣ.