ಬ್ಯಾಂಡ್ ಸೆಟ್, ಕಿಂದರಿಜೋಗಿ ಮತ್ತು ನಮ್ಮ ಕಡೆಯ ಮೂರು ಊರು

ಕಡೂರು, ಅಜ್ಜಂಪುರ, ತರೀಕೆರೆ ಅಂದ್ರೆ ಬೆಂಗಳೂರಿನ ಬಹಳ ಜನರಿಗೆ ರೈಲಿನ ಕಿಟಕಿಯಲ್ಲಿ ಕಾಣುವ ಮೂರು ಹಳದಿ ಬೋರ್ಡು, ಅಷ್ಟೇ. ಕಡೂರು ಬಿಟ್ಟು ಬೀರೂರು ಜಂಕ್ಷನ್ ದಾಟಿದ ಮೇಲೆ ಬಲಕ್ಕೆ ತಿರುಗಿದರೆ ಅಜ್ಜಂಪುರ, ಎಡಕ್ಕೆ ತಿರುಗಿದರೆ ತರೀಕೆರೆ. ನಾನು ಒಂಬತ್ತನೇ ಕ್ಲಾಸು ಓದಿದ್ದು 2010-11ರಲ್ಲಿ, ಅಜ್ಜಂಪುರದ ಹತ್ತಿರದ ಒಂದು ಹೈಸ್ಕೂಲಿನಲ್ಲಿ. ಆ ವರ್ಷ ನಮ್ಮ ಶಾಲೆಯಲ್ಲಿ ಬ್ಯಾಂಡ್ ಸೆಟ್ಟಿಗೂ ನಾಟಕಕ್ಕೂ ಜಗಳ ಬಿತ್ತು. ಮಕ್ಕಳ ಜಗಳ ಅಂತ ಮರೆತುಬಿಟ್ಟಿದ್ದೆ. ಈಚೆಗೆ ನಮ್ಮ ಕಡೆಯ ಹಳೇ ಸಂಗತಿ ಓದೋಕೆ ಶುರುಮಾಡಿದ ಮೇಲೆ, ಆ ಜಗಳದ ಬೇರು ನಮಗಿಂತ ಬಹಳ ಹಿಂದಿನದು ಅನ್ನಿಸ್ತಿದೆ.

ಮೊದಲು ಬ್ಯಾಂಡ್ ಸೆಟ್. ನಾಲ್ಕು ಸೈಡ್ ಡ್ರಮ್, ಒಂದು ದೊಡ್ಡ ಡ್ರಮ್, ಒಂದು ಜೊತೆ ಸಿಂಬಲ್, ಒಂದು ಟ್ರಯಾಂಗಲ್, ಊದಿದರೆ ಗಾಳಿ ಮಾತ್ರ ಬರುವ ಒಂದು ಬ್ಯೂಗಲ್. ಜುಲೈನಲ್ಲಿ ಆಗಸ್ಟ್ ಹದಿನೈದಕ್ಕೆ ಅಂತ ಪ್ರಾಕ್ಟೀಸು ಶುರು. ಬಿಳಿ ಪ್ಯಾಂಟು, ಬಿಳಿ ಶೂ ಇರೋರಿಗೆ ಮಾತ್ರ ಸೇರೋ ಅವಕಾಶ, ಅದೂ ಗಂಡುಹುಡುಗರಿಗೆ ಮಾತ್ರ. ನಿಮ್ಮ ಶಾಲೆಯಲ್ಲಿ ಹೇಗಿತ್ತೋ ಗೊತ್ತಿಲ್ಲ, ನಮ್ಮಲ್ಲಿ ಇದನ್ನ ಯಾರೂ ಪ್ರಶ್ನೆ ಮಾಡ್ತಿರಲಿಲ್ಲ. ಪಿ.ಟಿ. ಮೇಷ್ಟ್ರ ಪ್ರಕಾರ ಬ್ಯಾಂಡು ಅಂದ್ರೆ ಬಾವುಟಕ್ಕೆ ಮರ್ಯಾದೆ. ಸಂಗೀತ ಅನ್ನೋ ಮಾತೇ ಅಲ್ಲಿ ಬರ್ತಿರಲಿಲ್ಲ.

ಯೋಚನೆ ಮಾಡಿದರೆ ಅದು ಸರಿಯೇ. ಶಾಲೆಯ ಬ್ಯಾಂಡು ಬಂದದ್ದು ಕವಾಯತಿನಿಂದ, ಪಲ್ಟನ್ನಿನಿಂದ. ಮೈಸೂರು ಅರಮನೆಯಲ್ಲಿ ಇಂಗ್ಲಿಷ್ ಬ್ಯಾಂಡ್ ಶುರುವಾದದ್ದು 1868ರಲ್ಲಿ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಒಟ್ಟೋ ಶ್ಮಿಟ್ ಅನ್ನೋ ಜರ್ಮನ್ ಸಂಗೀತಗಾರ ಅದನ್ನ ನಡೆಸುತ್ತಿದ್ದರು. ಅದೇ ಅರಮನೆಯಲ್ಲಿ ನಮ್ಮ ವಾದ್ಯಗಳದ್ದೇ ಇನ್ನೊಂದು ಕರ್ನಾಟಕ ಬ್ಯಾಂಡೂ ಇತ್ತು. ಈ ಎರಡರ ಪರಂಪರೆಯೂ ಆಮೇಲೆ ಪೊಲೀಸ್ ಬ್ಯಾಂಡಿಗೆ ಬಂತು. ಆದರೆ ಹೈಸ್ಕೂಲಿಗೆ ಬಂದದ್ದು ಒಂದೇ, ಇಂಗ್ಲಿಷ್ ಬ್ಯಾಂಡು. ಎರಡನೆಯದು ದಾರಿಯಲ್ಲೇ ಉಳಿದುಹೋಯ್ತು.

ಅಂದಹಾಗೆ, ಪಲ್ಟನ್ನಿಗೂ ಅಜ್ಜಂಪುರಕ್ಕೂ ಹಳೇ ನಂಟು. ಇಲ್ಲಿರುವ ಅಮೃತ್ ಮಹಲ್ ತಳಿ ಸಂವರ್ಧನಾ ಕೇಂದ್ರ ನಿಮ್ಮಲ್ಲಿ ಕೆಲವರಿಗೆ ಗೊತ್ತಿರಬಹುದು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಬೆಣ್ಣೆ ಚಾವಡಿ ಅಂತಿದ್ದದ್ದು ಟಿಪ್ಪು ಕಾಲಕ್ಕೆ ಅಮೃತ್ ಮಹಲ್ ಆಯ್ತು. ಹಾಲಿಗಿಂತ ಹೆಚ್ಚಾಗಿ ಫಿರಂಗಿ ಎಳೆಯೋಕೆ, ಸೈನ್ಯದ ಸಾಮಾನು ಸಾಗಿಸೋಕೆ ಹೆಸರಾದ ಎತ್ತುಗಳು ಅವು. 1799ರ ನಂತರ ಬ್ರಿಟಿಷರೂ ಅವನ್ನ ಬಿಡಲಿಲ್ಲ. ನೀಳ ಕೊಂಬಿನ ಆ ದನಗಳು ನಮ್ಮ ಬ್ಯಾಂಡಿನ ಸದ್ದಿಗೆ ತಲೆ ಎತ್ತಿ ನೋಡ್ತಿದ್ದವು. ಹಳೇ ನೆನಪಿಗೋ ಏನೋ :-)

ಈಗ ನಮ್ಮ ಕ್ಲಾಸಿನ ಒಬ್ಬಳ ವಿಷಯ. ಹೆಸರು ಬೇಡ. ಅವಳಪ್ಪ ವೀರಗಾಸೆಯವರು. ಕಡೂರು, ತರೀಕೆರೆ ಸೀಮೆಯಲ್ಲಿ ವೀರಗಾಸೆ ಇಲ್ಲದೆ ಜಾತ್ರೆ, ಕೆಂಡ ಯಾವುದೂ ಇಲ್ಲ. ಕೆಂಪು ಉಡುಪು, ಎದೆಗೆ ನಾಗಾಭರಣ, ಕೈಯಲ್ಲಿ ಖಡ್ಗ. ಪಕ್ಕದಲ್ಲಿ ಚಮ್ಮಾಳ, ಕರಡೆ, ತಾಳ. ವೀರಭದ್ರ ದಕ್ಷನ ಯಜ್ಞ ಕೆಡಿಸಿದ ಕಥೆಯ ಒಡಪು ಹೇಳ್ತಾ ಹೇಳ್ತಾ ಕುಣಿತ ಏರುತ್ತೆ. ಈ ಹುಡುಗಿ ಚಮ್ಮಾಳ ಬಾರಿಸಿದರೆ ನಮ್ಮ ಸೈಡ್ ಡ್ರಮ್ಮಿನವರೆಲ್ಲ ಬಾಯಿಬಿಟ್ಟು ನೋಡಬೇಕು, ಹಾಗೆ ಬಾರಿಸ್ತಿದ್ದಳು. ಆದರೆ ಬ್ಯಾಂಡಿಗೆ ಹುಡುಗಿಯರಿಲ್ಲ. ವೀರಗಾಸೆಗೂ ಆಗ ಅವರ ಮನೆಯಲ್ಲಿ ಹುಡುಗಿಯರಿಲ್ಲ. ಎರಡು ಕಡೆಯೂ ಬಾಗಿಲು ಮುಚ್ಚಿತ್ತು.

ತೆರೆದಿದ್ದದ್ದು ನಾಟಕ ಒಂದೇ. ಅದಕ್ಕೂ ಒಂದು ಚರಿತ್ರೆ ಇದೆ. ಗುಬ್ಬಿಯಿಂದ ಹರಿಹರಕ್ಕೆ ರೈಲು 1889ರಲ್ಲಿ ಬಂತು, ಬೀರೂರಿನಿಂದ ತರೀಕೆರೆ ಮೇಲೆ ಶಿವಮೊಗ್ಗಕ್ಕೆ 1899ರಲ್ಲಿ. ಗುಬ್ಬಿ ಕಂಪನಿ ಹುಟ್ಟಿದ್ದು 1884ರಲ್ಲಿ, ಇದೇ ಲೈನಿನ ಊರಲ್ಲಿ! ಪರದೆ, ಕಿರೀಟ, ಹಾರ್ಮೋನಿಯಂ ಎಲ್ಲ ಕಟ್ಟಿಕೊಂಡು ಊರೂರಿಗೆ ಕ್ಯಾಂಪ್ ಹೋಗುವ ಕಂಪನಿಗಳಿಗೆ ರೈಲು ಎಷ್ಟು ಅನುಕೂಲ ಆಗಿರಬೇಕು ನೋಡಿ. ಕಂಪನಿ ನೋಡಿದ ಹಳ್ಳಿಯವರು ತಾವೇ ಡ್ರಾಮಾ ಮೇಷ್ಟ್ರನ್ನ ಕರೆಸಿ ಕುರುಕ್ಷೇತ್ರ ಆಡೋಕೆ ಶುರು ಮಾಡಿದರು. ಮೊದಮೊದಲು ಹೆಣ್ಣುಪಾತ್ರಕ್ಕೂ ಗಂಡಸರೇ. ಆಮೇಲೆ ಬಿ. ಜಯಮ್ಮನಂಥವರು ಕಂಪನಿ ರಂಗದ ಮೇಲೆ ಮೆರೆದರು. ಆದರೂ ನಮ್ಮ ಹಳ್ಳಿಗಳಲ್ಲಿ ದ್ರೌಪದಿ ಪಾತ್ರಕ್ಕೆ ಊರ ಹೆಣ್ಣುಮಗಳು ಬರಲಿಲ್ಲ. ಹೊರಗಿನಿಂದ ದುಡ್ಡು ಕೊಟ್ಟು ಕಲಾವಿದೆಯರನ್ನ ಕರೆಸ್ತಿದ್ದರು. ಊರಿನ ಹುಡುಗಿ ಊರಿನವರ ಮುಂದೆಯೇ ಬಣ್ಣ ಹಚ್ಚಬಹುದಾದ ಜಾಗ ಅಂದ್ರೆ ಶಾಲೆ ಒಂದೇ.

ಅಜ್ಜಂಪುರದಿಂದ ಸಾಣೇಹಳ್ಳಿ ದೂರವಿಲ್ಲ, ಹೊಸದುರ್ಗ ತಾಲ್ಲೂಕು. ಪಂಡಿತಾರಾಧ್ಯ ಸ್ವಾಮಿಗಳು ಅಲ್ಲಿ 1987ರಲ್ಲಿ ಶಿವಕುಮಾರ ಕಲಾಸಂಘ ಕಟ್ಟಿದರು, 1997ರಿಂದ ಶಿವಸಂಚಾರ ತಂಡ ನಾಟಕ ಹೊತ್ತು ರಾಜ್ಯ ಸುತ್ತುತ್ತಿದೆ. ನವೆಂಬರಿನ ನಾಟಕೋತ್ಸವಕ್ಕೆ ಕನ್ನಡ ಮೇಷ್ಟ್ರು ನಮ್ಮನ್ನ ಟೆಂಪೋದಲ್ಲಿ ಕರೆದುಕೊಂಡು ಹೋದರು. ಬಯಲು ರಂಗಮಂದಿರದ ಕಲ್ಲು ಮೆಟ್ಟಿಲ ಮೇಲೆ ಚಳಿಯಲ್ಲಿ ನಡುಗುತ್ತಾ ಕೂತಿದ್ದೆವು. ನಮ್ಮ ಕಣ್ಣೆಲ್ಲ ಇದ್ದದ್ದು ಪಕ್ಕದಲ್ಲಿ ಕೂತು ವಾದ್ಯ ನುಡಿಸುತ್ತಿದ್ದವರ ಮೇಲೆ. ಅವರೂ ನಾಟಕದ ಒಳಗೇ ಇದ್ದರು!

ವಾರ್ಷಿಕೋತ್ಸವಕ್ಕೆ ಕುವೆಂಪು ಅವರ 'ಬೊಮ್ಮನಹಳ್ಳಿಯ ಕಿಂದರಿಜೋಗಿ' ಅಂತ ತೀರ್ಮಾನ ಆಯ್ತು. ಬ್ರೌನಿಂಗನ ಕಥೆಯನ್ನ ಕುವೆಂಪು ತುಂಗೆಯ ದಡಕ್ಕೆ ತಂದ ಪದ್ಯ. ಶಾಲೆಗಳಿಗೆ ಅದು ಇಷ್ಟ ಯಾಕೆ ಅಂದ್ರೆ ಎಷ್ಟು ಮಕ್ಕಳು ಬಂದರೂ ಇಲಿ ಮಾಡಬಹುದು. ನಾನೂ ಇಲಿ. ಜೋಗಿಯ ಗಡ್ಡ ಕಟ್ಟಿದ್ದು ಅವಳು. ಇಲಿಗಳು ಊರು ಮುತ್ತುವಾಗ ಸೈಡ್ ಡ್ರಮ್ಮು, ಹೊಳೆಗೆ ಬೀಳುವಾಗ ದೊಡ್ಡ ಡ್ರಮ್ಮು ಬೇಕು ಅಂತ ಕನ್ನಡ ಮೇಷ್ಟ್ರು ಕೇಳಿದರು. ಪಿ.ಟಿ. ಮೇಷ್ಟ್ರು ಕೊಡಲಿಲ್ಲ. "ಬಾವುಟಕ್ಕೆ ಬಾರಿಸೋದನ್ನ ಇಲಿಗೆ ಬಾರಿಸ್ತೀರೇನ್ರೀ?" ಸ್ಟಾಫ್ ರೂಮಿನಲ್ಲಿ ಮೂರು ದಿನ ಗಲಾಟೆ. ಕೊನೆಗೆ ಡ್ರಮ್ಮಿನ ಕೋಣೆಗೆ ಬೀಗ. ನಾಲ್ಕನೇ ದಿನ ಅವಳು ಅಪ್ಪನ ಚಮ್ಮಾಳವನ್ನೇ ಹೊತ್ತು ತಂದಳು. ಅವರಪ್ಪ ಹೇಗೆ ಕೊಟ್ಟರೋ, ಕೇಳೋ ಧೈರ್ಯ ಯಾರಿಗೂ ಬರಲಿಲ್ಲ.

ಆ ಸಂಜೆ 'ಜಾಕಿ' ಸಿನಿಮಾದ ಹಾಡಿಗೆ ಎರಡು ಡ್ಯಾನ್ಸ್ ಇತ್ತು, ಶಿಳ್ಳೆ ಎಲ್ಲ ಅದಕ್ಕೇ. ಆದರೆ ಜೋಗಿ ಕಿಂದರಿಯ ಬದಲು ಕೊರಳಿಗೆ ಚಮ್ಮಾಳ ಹಾಕಿಕೊಂಡು ಬಾರಿಸುತ್ತಾ ಬಂದಾಗ, ಹಿಂದೆ ನಿಂತಿದ್ದ ಈರುಳ್ಳಿ ಮಂಡಿಯ ಹಮಾಲರಿಂದ ಹಿಡಿದು ಅಜ್ಜಿಯರ ತನಕ ಎದ್ದು ನಿಂತರು. ವೀರಭದ್ರನ ವಾದ್ಯ ಅಂತ ಕೈ ಮುಗಿದವರೂ ಇದ್ದರು, ಇಲಿಗಳ ನಡುವೆಯೇ! ನಮ್ಮೂರಿನ ತಾಳ ನಮ್ಮ ಶಾಲೆಯೊಳಗೆ ಬಂದದ್ದನ್ನ ನಾನು ನೋಡಿದ್ದು ಅದೊಂದೇ ಸಲ. ಡ್ರಮ್ಮು ಸಿಗದೇ ಹೋದದ್ದೇ ಒಳ್ಳೇದಾಯ್ತು ಅಂತ ನನ್ನ ಅಭಿಪ್ರಾಯ.

ಮುಂದಿನ ವರ್ಷ ಎಸ್ಸೆಸ್ಸೆಲ್ಸಿ. ಬೆಳಗ್ಗೆ ಎಂಟಕ್ಕೆ ಸ್ಪೆಷಲ್ ಕ್ಲಾಸು, ನಾಟಕ ಬಂದ್. ಬ್ಯಾಂಡು ಮಾತ್ರ ನಡೀತು, ಬಾವುಟ ಹಾರಿಸಲೇಬೇಕಲ್ಲ. 2018ರಲ್ಲಿ ಅಜ್ಜಂಪುರವೇ ತಾಲ್ಲೂಕು ಆಯ್ತು. ನಮ್ಮ ಕಾಲದಲ್ಲಿ ಪ್ರತಿಭಾ ಕಾರಂಜಿಗೆ ಅಂತ ತರೀಕೆರೆಗೆ ಬಸ್ಸು ಹತ್ತುತ್ತಿದ್ದೆವು. ಈಗ ಮಹಿಳಾ ವೀರಗಾಸೆ ತಂಡಗಳೂ ಆಗಿವೆ, ಮೆರವಣಿಗೆಗಳಲ್ಲಿ ನೀವೂ ನೋಡಿರಬಹುದು.

ಇದನ್ನ ಬರೆಯುವ ಮೊದಲು ಅವಳಿಗೆ ಫೋನ್ ಮಾಡಿದ್ದೆ. ಕಡೂರಿನಲ್ಲಿದ್ದಾಳೆ, ಇಬ್ಬರು ಮಕ್ಕಳು. ಚಮ್ಮಾಳ ಎಲ್ಲಿದೆ ಅಂತ ಕೇಳಿದೆ. "ತೌರುಮನೇಲೇ ಇದೆ ಕಣೋ. ಅಪ್ಪಂಗೆ ಈಗ ತೋಳು ನೋವು. ತಮ್ಮಂಗೆ ಬಾರಿಸೋಕೆ ಬರಲ್ಲ. ಹಬ್ಬಕ್ಕೆ ಹೋದಾಗ ನಾನೇ ಬೆಂಕಿಗೆ ಹಿಡಿದು ಚರ್ಮ ಕಾಯಿಸಿ ಇಡ್ತೀನಿ" ಅಂದಳು.